ಬಿಳಿ ಇಲ್ಲದ ಮುಖ

ಗೋಪಮ್ಮ ತಾಯಣ್ಣನನ್ನು ಮೊದಲ ಸಲ ನೋಡಿದ್ದು ರಾಯಚೂರಿನ ಹಂಪಣ್ಣನವರ ಅಕ್ಕಿ ಗಿರಣಿಯ ಅಂಗಳದಲ್ಲಿ. ಸಾವಿರದ ಒಂಬೈನೂರ ನಲವತ್ತನೆಯ ಇಸವಿ, ಯುಗಾದಿಗೆ ಇನ್ನೂ ಹದಿನೈದು ದಿನ ಇತ್ತು. ಕುದಿಸಿದ ನೆಲ್ಲನ್ನು ಗಚ್ಚಿನ ನೆಲದ ಮೇಲೆ ಹರವಿ, ಹೆಂಗಸರು ಕಾಲಿನಿಂದ ಸಾಲು ಬಿಡಿಸುತ್ತ ಆಚೆಯಿಂದ ಈಚೆಗೆ ನಡೆಯುತ್ತಿದ್ದರು. ಗೋಪಮ್ಮನಿಗೆ ಆಗ ಹದಿನೇಳು ವರ್ಷ. ತಾಯಿ ಮೂಕಮ್ಮನ ಜೊತೆ ಮಸರಕಲ್ಲಿನಿಂದ ಕೂಲಿಗೆ ಬಂದು ಎರಡು ವರ್ಷವಾಗಿತ್ತು.

ಬಾಗಿಲಲ್ಲಿ ಬಂದು ನಿಂತವನು ಉದ್ದಕ್ಕೆ, ತೆಳ್ಳಗೆ ಇದ್ದ. ಮೈಮೇಲೆ ಮಾಸಿದ ಕೆಂಪು ಮಖಮಲ್ಲಿನ ಕೋಟು. ಯಾವುದೋ ನಾಟಕದ ಮಂತ್ರಿ ತೊಟ್ಟು ಬಿಟ್ಟದ್ದು. ತೋಳು ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಬಂದು ನಿಂತಿತ್ತು. ಎಡಗಾಲ ಚಪ್ಪಲಿಯ ಉಂಗುಟವನ್ನು ಸೆಣಬಿನ ದಾರದಿಂದ ಬಿಗಿದಿದ್ದ. ಬಲಗೈಯ ತೋರುಬೆರಳಿಗೆ ತೊಳೆದರೂ ಹೋಗದ ಮಸಿ. ಗಿರಣಿಯ ಹಲಗೆಯ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ಹೆಸರು ಬರೆಯಲು ಬಂದವನು. ಉರ್ದು ಸಾಲು ಮುಗಿಸಿ, ಅದು ಒಣಗಲಿ ಎಂದು ಬೇವಿನ ನೆರಳಿಗೆ ಕೂತು ಚೀಲದಿಂದ ಒಂದು ಕಾಗದ ತೆಗೆದ. ಎರಡು ಗೆರೆ ಎಳೆದು ಕುಂಚದ ತುದಿಯನ್ನು ತುಟಿಗಳ ನಡುವೆ ಇಟ್ಟು ಚೂಪು ಮಾಡುತ್ತಿದ್ದ, ಮತ್ತೆ ಎರಡು ಗೆರೆ, ಮತ್ತೆ ತುಟಿಗೆ. ಬೆಲ್ಲ ಚೀಪುವ ಮಗುವಿನ ಹಾಗೆ ಕಂಡ. ಆಮೇಲೆ ಅವನು ನೋಡುತ್ತಿರುವುದು ತನ್ನನ್ನೇ ಎಂದು ಗೋಪಮ್ಮನಿಗೆ ತಿಳಿಯಿತು.

"ಏಯ್, ಏನ್ ನೋಡಾಕತ್ತಿ? ನಿಮ್ಮನಿಯಾಗ ಅಕ್ಕ ತಂಗಿ ಇಲ್ಲೇನು?"

"ಅದಾರವ್ವ. ಆದ್ರ ಅವ್ರು ನಿನ್ನಂಗ ನೆಟ್ಟಗ ನಡಿಯಂಗಿಲ್ಲ. ಒಂದೀಟು ಹಂಗ ನಿಂದ್ರು, ಎತ್ತಿದ ಕಾಲು ಇಳಿಸಬ್ಯಾಡ."

"ನಾ ಕಾಲು ಎತ್ತಿ ನಿಂತ್ರ ನೆಲ್ಲು ಯಾರು ತಿರುವ್ತಾರ? ನಿಮ್ಮಪ್ಪ ಬರ್ತಾನೇನು?"

ಹೆಂಗಸರೆಲ್ಲ ನಕ್ಕರು. ಅವನು ಕಾಗದದ ಮೇಲೆ ಕಲ್ಲಿಟ್ಟು ಎದ್ದ, ಚಪ್ಪಲಿ ಬಿಟ್ಟ, ಬಂದು ಅವಳ ಸಾಲಿನ ಪಕ್ಕದ ಸಾಲಿಗೆ ಕಾಲಿಟ್ಟು ನೆಲ್ಲು ಬಿಡಿಸುತ್ತ ನಡೆದ. ಬಿಸಿಗೆ ಅಂಗಾಲು ಸುಡುತ್ತಿದ್ದರೂ ಸಾಲು ಸೊಟ್ಟ ಮಾಡಲಿಲ್ಲ. ಮೂಕಮ್ಮ ನೋಡಿ, "ಹುಚ್ಚ ಅದಾನ. ಆದ್ರ ಕೆಲಸ ಗೊತ್ತದ ಹುಚ್ಚಗ" ಅಂದಳು.

ಸಂಜೆ ಹೋಗುವ ಮುಂಚೆ ಅವನು ಚಿತ್ರ ತೋರಿಸಿದ. ಎತ್ತಿದ ಕಾಲು, ಬಿರಿದ ಹಿಮ್ಮಡಿ, ಅಗಲವಾದ ಪಾದ.

"ನನ್ನ ಕಾಲು ಇಷ್ಟು ದೊಡ್ಡುವು ಅದಾವೇನು?"

"ಅದಾವ" ಅಂದ ಅವನು.

ಮಾರನೆಯ ವರ್ಷ ಗೋಪಮ್ಮ ಅವನನ್ನು ಮದುವೆಯಾದಳು.

ತಾಯಣ್ಣ ನೀರಮಾನ್ವಿಯವನು. ಅವನ ಅಪ್ಪ ಊರವರ ಮದುವೆಗಳಲ್ಲಿ ಹಲಗೆ ಬಾರಿಸುತ್ತಿದ್ದ. ಚಪ್ಪರದ ಹೊರಗೆ ನಿಂತು ಬಾರಿಸಿ, ಎಲ್ಲರ ಊಟವಾದ ಮೇಲೆ ಹೊರಗೇ ಕೂತು ಉಣ್ಣುತ್ತಿದ್ದ. ಮಗನಿಗೆ ಕಂಠ ಚೆನ್ನಾಗಿತ್ತು. ಮಾನ್ವಿಯಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಯವರು ಅವನನ್ನು ಕರೆದುಕೊಂಡು ಹೋದರು. ಹತ್ತು ವರ್ಷ ಪರದೆಯ ಹಿಂದೆ ಹಾರ್ಮೋನಿಯಂ ನುಡಿಸಿದ, ಗಂಟಲು ಕಟ್ಟಿದ ನಟರ ಪಾಲಿನ ಹಾಡನ್ನೂ ಹಾಡಿದ. ಪರದೆ ಬರೆಯುತ್ತಿದ್ದ ಮುದುಕ ಅವನಿಗೆ ಎಣ್ಣೆಯಲ್ಲಿ ಬಣ್ಣ ಅರೆಯುವುದನ್ನು ಕಲಿಸಿದ. ಕಂಪನಿ ಮುರಿದ ಮೇಲೆ ರಾಯಚೂರಿನ ದಸ್ತಗೀರ್ ಸಾಬರ ಕಲ್ಲಚ್ಚಿನ ಛಾಪಖಾನೆ ಸೇರಿ, ಉರ್ದು ಶಾಲೆಯ ಕಿತಾಬುಗಳಿಗೆ ಒಂಟೆ, ಹೂಜಿ, ಬೆಕ್ಕುಗಳನ್ನು ಕಲ್ಲಿನ ಮೇಲೆ ತಿರುವುಮುರುವಾಗಿ ಬರೆದ. ನೀರು ಹೆಚ್ಚಾದರೆ ಕಲ್ಲು ಮಸಿ ಹಿಡಿಯುವುದಿಲ್ಲ, ತುದಿಯನ್ನು ಬಾಯಲ್ಲೇ ಚೂಪು ಮಾಡಿಕೋ ಎಂದು ಸಾಬರು ಹೇಳಿಕೊಟ್ಟಿದ್ದರು. ಯುದ್ಧದಲ್ಲಿ ಕಾಗದ ಬರುವುದು ನಿಂತು ಛಾಪಖಾನೆಗೆ ಬೀಗ ಬಿದ್ದರೂ ಆ ಚಾಳಿ ಅವನ ತುಟಿಯಲ್ಲಿ ಉಳಿಯಿತು.

ಆಮೇಲೆ ಅವನು ಸತ್ತವರ ಮುಖ ಬರೆಯತೊಡಗಿದ. ಫೋಟೊ ತೆಗೆಸಿಕೊಳ್ಳದೆ ಸತ್ತವರು ಬಹಳ ಮಂದಿ ಇದ್ದರು. ಶರಣರ ಮನೆಗಳಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಹೂವು ಹಾಕಿ ಭಜನೆ ಮಾಡುತ್ತಾರೆ. ಎತ್ತುವ ಮೊದಲು ತಾಯಣ್ಣನಿಗೆ ಹೇಳಿ ಕಳಿಸುತ್ತಿದ್ದರು. ಅವನು ಅಂಗಳದಲ್ಲೇ ಕೂತು, ತೆರೆದ ಬಾಗಿಲಿನಿಂದ ಕಾಣುವಷ್ಟನ್ನು ಪೆನ್ಸಿಲಿನಲ್ಲಿ ಇಳಿಸಿಕೊಳ್ಳುತ್ತಿದ್ದ. ಹನ್ನೊಂದನೆಯ ದಿನ ಮತ್ತೆ ಹೋಗಿ, ಕಣ್ಣು ಹೇಗಿತ್ತು, ನಕ್ಕರೆ ಯಾವ ಕಡೆ ಬಾಯಿ ಸರಿಯುತ್ತಿತ್ತು ಎಂದು ಮನೆಯವರನ್ನು ಒಬ್ಬೊಬ್ಬರಾಗಿ ಕೇಳುತ್ತಿದ್ದ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಕೊನೆಗೆ ಎಲ್ಲರೂ ಒಪ್ಪುತ್ತಿದ್ದದ್ದು ಒಂದೇ ಮಾತು: "ಒಂದೀಟು ಬೆಳ್ಳಗ ಮಾಡ್ರಿ."

ಬೆಳ್ಳಗೆ ಮಾಡಲು ಸಫೇದಾ ಎಂಬ ಬಿಳಿ ಬಣ್ಣ ಬೇಕು. ರಾಯಚೂರಿನ ಪೇಟೆಯಲ್ಲಿ ಅದು ಸುಣ್ಣದ ಹಾಗೆ ಗಟ್ಟಿ ಗಟ್ಟಿಯಾಗಿ ಸಿಗುತ್ತಿತ್ತು. ಕೋಟೆಯ ಹಿಂದೆ ಅವರಿದ್ದ ಒಂದೇ ಕಿಟಕಿಯ ಕೋಣೆಯಲ್ಲಿ ಗೋಪಮ್ಮ ಅದನ್ನು ಕುಟ್ಟಿ, ಜರಡಿ ಹಿಡಿದು, ಅಗಸೆ ಎಣ್ಣೆ ಹಾಕಿ ಬಂಡೆಯ ಮೇಲೆ ಅರೆಯುತ್ತಿದ್ದಳು. ಬೆಳಗಿನ ಬಿಸಿಲು ಕಿಟಕಿಯಿಂದ ಬಂದಾಗ ಕೋಣೆಯ ತುಂಬ ಬಿಳಿ ಧೂಳು ತೇಲುತ್ತಿತ್ತು. ಗಿರಣಿಯ ಕೂಲಿ ಮುಗಿಸಿ ಬಂದು ಅರೆಯಲು ಕೂತರೆ ತೋಳು ಬಿದ್ದು ಹೋಗುತ್ತಿತ್ತು. ಆದರೂ ಅರೆಯುತ್ತಿದ್ದಳು. ಅವನ ಹೊಟ್ಟೆ ಆಗಾಗ ಹಿಂಡಿದಂತೆ ನೋಯುತ್ತಿತ್ತು, ಮುಖ ಬಿಳಿಚಿಕೊಂಡಿತ್ತು. ಇಬ್ಬರೂ ದಣಿದವರೇ. ದಣಿವಿಗೆ ಬೇರೆ ಕಾರಣ ಇರಬಹುದು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಗೋಪಮ್ಮನಿಗೆ ಬೇಕಾಗಿದ್ದದ್ದು ಒಂದೇ, ಉಳಿಯುವ ಒಂದು ಕೂಸು. ಮೊದಲನೆಯ ಸಲ ಐದನೆಯ ತಿಂಗಳಿಗೆ ಹೋಯಿತು. ಎರಡನೆಯದು ಏಳಕ್ಕೆ ಹುಟ್ಟಿ ಅಳಲಿಲ್ಲ. ಸೂಲಗಿತ್ತಿ ಕರೆಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ಒರಗಿಸಿಟ್ಟಿದ್ದ ಚಿತ್ರಗಳ ಕಡೆ ಕಣ್ಣು ತಿರುಗಿಸಿದಳು.

"ಸತ್ತವರ ಮುಖ ಮನಿತುಂಬ ಇಟ್ಕೊಂಡು ಕುಂತ್ರ ಹುಟ್ಟೋವು ಎಲ್ಲಿಂದ ಬರ್ತಾವ ಬೇ? ಬರೋಕ ಅಂಜತಾವ."

ಅಂದಿನಿಂದ ಗೋಪಮ್ಮ ಚಿತ್ರಗಳ ಮುಖವನ್ನು ಗೋಡೆಗೆ ತಿರುಗಿಸಿ ಇಡುತ್ತಿದ್ದಳು. ಅಷ್ಟು ಮಾಡಿದರೆ ಸಾಕೇನೋ ಎಂದುಕೊಂಡಿದ್ದಳು.

ಬಸುರಿಯಾದಾಗ ಅವಳಿಗೆ ಮಣ್ಣಿನ ಬಯಕೆ ಬರುತ್ತಿತ್ತು. ಆ ಕಡೆ ಅದು ಎಲ್ಲ ಹೆಂಗಸರಿಗೂ ಇದ್ದದ್ದೇ. ಒಬ್ಬಳು ಒಲೆಯ ಮಣ್ಣು ಕೆರೆದು ತಿನ್ನುತ್ತಾಳೆ, ಒಬ್ಬಳು ವಿಭೂತಿ ಗಟ್ಟಿ ಕಡಿಯುತ್ತಾಳೆ. ತವರಿನಿಂದ ಹೊಲದ ಎರೆಮಣ್ಣಿನ ಹೆಂಟೆ ತಂದುಕೊಡುವುದು ತಾಯಿಯ ಕೆಲಸ. ಮೂಕಮ್ಮ ಮಗಳ ಮದುವೆಯ ವರ್ಷವೇ ಜ್ವರದಲ್ಲಿ ಹೋಗಿದ್ದಳು. ತರುವವರು ಯಾರೂ ಇಲ್ಲದ್ದಕ್ಕೆ ಗೋಪಮ್ಮ ಅರೆಯಲು ಇಟ್ಟ ಸಫೇದಾದ ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನುಣುಪಾಗಿತ್ತು, ಸ್ವಲ್ಪ ಸಿಹಿಯೂ ಇತ್ತು. ತಾಯಣ್ಣ ನೋಡಿ ನಗುತ್ತಿದ್ದ.

"ತಿನ್ನು, ತಿನ್ನು. ಕೂಸು ಬೆಳ್ಳಗ ಹುಟ್ತದ."

"ನಿನ್ನ ಬಣ್ಣಕ್ಕ ಹುಟ್ಟಿದ್ರ ಕತ್ತಲದಾಗ ಹುಡುಕಬೇಕಾಗ್ತದ, ಅದಕ್ಕ ತಿನ್ನಾಕತ್ತೀನಿ" ಎಂದು ಅವಳೂ ನಗುತ್ತಿದ್ದಳು.

ನಲವತ್ತನಾಲ್ಕರ ಚಳಿಗಾಲದಲ್ಲಿ ಹಂಪಣ್ಣನವರ ತಾಯಿ ಬಸವಂತಮ್ಮ ಮಾನ್ವಿಯ ಮನೆಯಲ್ಲಿ ತೀರಿಕೊಂಡರು. ಹಂಪಣ್ಣ ತಾಯಣ್ಣನನ್ನು ಕರೆತರಲು ಗಿರಣಿಯ ಲಾರಿಯನ್ನೇ ಕಳಿಸಿದರು. ಗೋಪಮ್ಮನೂ ಹೋದಳು. ಆ ಮುದುಕಿ ಗಿರಣಿಗೆ ಬಂದಾಗಲೆಲ್ಲ ಕೂಲಿಯ ಹೆಂಗಸರ ಪಕ್ಕ ಕೂತು ಎಲೆ ಅಡಿಕೆ ಹಾಕುತ್ತಿದ್ದವಳು. "ಏನ್ ಬೇ ಗೋಪಿ, ಗಂಡ ಇನ್ನೂ ಗೊಂಬಿ ಬರ್ಯಾಕತ್ತಾನೇನು?" ಎಂದು ಕೇಳುತ್ತಿದ್ದವಳು. ಅಂಗಳದಲ್ಲಿ ನಿಂತು ನೋಡಿದರೆ, ಕೂರಿಸಿದ ಹೆಣದ ಮುಖ ವಿಭೂತಿಯಲ್ಲಿ ಮುಚ್ಚಿಹೋಗಿ ಯಾರದೋ ಮುಖದ ಹಾಗೆ ಕಾಣುತ್ತಿತ್ತು.

ಕಟ್ಟುತ್ತಿದ್ದ ಹೊಸ ಗಿರಣಿಯ ಪೂಜೆ ಬರುವ ಯುಗಾದಿಗೆ. ಅಷ್ಟರೊಳಗೆ ಆಳೆತ್ತರದ ಚಿತ್ರ ಬೇಕೆಂದರು ಹಂಪಣ್ಣ. ಬಾಗಿಲಿನ ಎದುರಿಗೇ ಇಡುವುದು, ಬಂದವರೆಲ್ಲ ನೋಡಬೇಕು.

"ಅವ್ವ ಕುರ್ಚಿಯಾಗ ಕುಂತಿರಬೇಕು. ಕೈಯಾಗ ಲಿಂಗ. ಮತ್ತ, ಒಂದೀಟು ಬೆಳ್ಳಗ."

"ಆಗ್ಲಿರೀ" ಅಂದ ತಾಯಣ್ಣ. ಅಷ್ಟು ದೊಡ್ಡ ಚಿತ್ರ ಅವನು ಎಂದೂ ಬರೆದಿರಲಿಲ್ಲ. ವಾಪಸು ಬರುವಾಗ ಲಾರಿಯಲ್ಲಿ ಗೋಪಮ್ಮ ತಾನು ಮತ್ತೆ ಬಸುರಿ ಎಂದು ಹೇಳಿದಳು. ಅವನು "ಈ ಸಲ ಅರಿಯೋದು ನಾ ಅರೀತೀನಿ, ನೀ ದಣಿಬ್ಯಾಡ" ಅಂದ. ಆದರೆ ದಿನಕ್ಕೆ ಎರಡು ಹೊತ್ತು ಬರೆದು ಅರೆಯುವುದು ಅವನಿಂದ ಆಗಲಿಲ್ಲ. ವಾರ ಕಳೆಯುವುದರೊಳಗೆ ಬಂಡೆ ಮತ್ತೆ ಅವಳ ಮುಂದಿತ್ತು.

ಸೀರೆ ಮುಗಿಯಿತು, ಕುರ್ಚಿ ಮುಗಿಯಿತು, ಲಿಂಗ ಹಿಡಿದ ಕೈಗಳು ಬೆಳ್ಳಗೆ ಮೂಡಿದವು. ಮುಖವನ್ನು ಅವನು ಯಾವಾಗಲೂ ಕೊನೆಗೆ ಬರೆಯುತ್ತಿದ್ದ. ಮುಖ ಹಿಡಿಯಬೇಕಾದ ದಿನ ಬೆಳಿಗ್ಗೆ ಕುಂಚ ಎತ್ತಿದ. ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತು ಬಿತ್ತು. ಬೆರಳು ಮಡಚಲು ಬರುತ್ತಿತ್ತು, ಆದರೆ ಕೈಯನ್ನು ಮೇಲಕ್ಕೆತ್ತಲು ಬರುತ್ತಿರಲಿಲ್ಲ. ಎಡಗೈಯಿಂದ ಎತ್ತಿ ನಿಲ್ಲಿಸಿದರೆ ಬಿಟ್ಟ ಕೂಡಲೇ ಬೀಳುತ್ತಿತ್ತು. ಅವನು ನಾಲ್ಕೈದು ಸಲ ಹಾಗೆ ಮಾಡಿ ನೋಡಿದ.

ಕರೆಮ್ಮ ಬಂದು ಬೇವಿನೆಣ್ಣೆ ತಿಕ್ಕಿದಳು. "ಸತ್ತ ಮುದುಕಿ ಕೈ ಹಿಡ್ಕೊಂಡಾಳ" ಅಂದಳು. ಎಂಟು ದಿನವಾದರೂ ಕೈ ಏಳದಿದ್ದಾಗ ಗೋಪಮ್ಮ ಅವನನ್ನು ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದಳು.

ಅಲ್ಲಿದ್ದ ವೈದ್ಯೆ ಹೈದರಾಬಾದಿನ ಕಡೆಯವರು, ವಯಸ್ಸಾದವರು. ಕೈ ನೋಡಿದರು, ಹೊಟ್ಟೆ ನೋವಿನ ವಿಷಯ ಕೇಳಿದರು. ಬಾಯಿ ತೆರೆಯಲು ಹೇಳಿ, ಒಸಡಿನ ಮೇಲೆ ಹಲ್ಲಿಗೆ ಅಂಟಿದಂತೆ ಓಡಿದ್ದ ನೀಲಿ ಗೆರೆಯನ್ನು ಬಹಳ ಹೊತ್ತು ನೋಡಿದರು.

"ಏನು ಕೆಲಸ ಮಾಡ್ತೀಯಪ್ಪ? ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸ್ತೀಯಾ?"

"ಇಲ್ರೀ. ಮನಿಷಾರ ಚಿತ್ರ ಬರೀತೀನಿ. ಎಣ್ಣಿ ಬಣ್ಣದಾಗ."

"ಬಿಳಿ ಬಣ್ಣ ಯಾವುದು?"

"ಸಫೇದಾರೀ."

"ಕುಂಚ ಬಾಯಿಗೆ ಇಡ್ತೀಯಾ?"

ಅವನು ಉತ್ತರ ಕೊಡುವ ಮೊದಲೇ ಗೋಪಮ್ಮ ಹೇಳಿದಳು: "ಇಡ್ತಾನ್ರೀ, ದಿನಾಲು."

ವೈದ್ಯೆ ಅವಳ ಹೊಟ್ಟೆಯ ಕಡೆ ನೋಡಿದರು. "ನೀನೂ ಬಾಯಿ ತೆರೆ" ಅಂದರು. ನೋಡಿ, ಕೈ ತೊಳೆದುಕೊಂಡು ಬಂದು ಕೂತರು.

"ಸಫೇದಾ ಅಂದರೆ ಸೀಸ. ಬಂದೂಕಿನ ಗುಂಡು ಮಾಡುವ ಸೀಸ. ಅದನ್ನೇ ಬಿಳಿ ಪುಡಿ ಮಾಡಿರ್ತಾರೆ. ಇವನ ಕೈಗೆ ಹೋಗಿದ್ದು ಅದೇ. ಅದು ಒಳಗೆ ಹೋದರೆ ಬಸುರು ನಿಲ್ಲೋದಿಲ್ಲ. ನಿಂದು ಎಷ್ಟನೆಯದು?"

"ಮೂರನೇದ್ರೀ."

"ಮೊದಲಿನವು?"

ಗೋಪಮ್ಮ ಇಲ್ಲ ಎಂದು ಕೈ ಆಡಿಸಿದಳು. ಇವತ್ತೇ ಆ ಪುಡಿ ಮನೆಯಿಂದ ಹೋಗಬೇಕು, ನೆಲ ಗೋಡೆ ಒದ್ದೆ ಬಟ್ಟೆಯಿಂದ ಒರೆಸಬೇಕು, ಹಾಲು ಕುಡಿಯಬೇಕು, ಅಷ್ಟು ಮಾಡಿದರೂ ಕೂಸು ಉಳಿಯುತ್ತದೆ ಎಂದು ತಾನು ಮಾತು ಕೊಡುವುದಿಲ್ಲ ಎಂದರು ವೈದ್ಯೆ.

ಮನೆಗೆ ಬಂದು ಗೋಪಮ್ಮ ಹೊಸ್ತಿಲ ಹೊರಗೇ ಕೂತಳು.

"ನಾನ ತಿಂದೆ" ಅಂದಳು. "ಕೈಯಾರೆ ಎತ್ತಿ ಬಾಯಾಗ ಹಾಕ್ಕೊಂಡೆ."

"ತಂದಾವ ನಾನು. ತಿನ್ನು ಅಂತ ನಕ್ಕಾವ ನಾನು."

"ನೀ ನಕ್ಕಿದ್ದು ಖರೆ."

ಅವನು ಒಳಗೆ ಹೋಗಿ ಸಫೇದಾದ ಡಬ್ಬಿ, ಜರಡಿ, ಬಂಡೆ, ಎಲ್ಲವನ್ನೂ ಎಡಗೈಯಲ್ಲೇ ಒಂದೊಂದಾಗಿ ಹೊರಗೆ ತಂದ. ಕೋಟೆಯ ಕಂದಕದ ಆಚೆ ಯಾರೂ ನೀರು ಸೇದದ ಕಡೆ ಗುಂಡಿ ತೋಡಿ ಹೂತ. ಮೂರು ದಿನ ಅವನೇ ಗೋಡೆ ಒರೆಸಿದ. ಗೋಪಮ್ಮ ಕರೆಮ್ಮನ ಮನೆಯ ಜಗುಲಿಯಲ್ಲಿ ಮಲಗಿದಳು.

ನಾಲ್ಕನೆಯ ದಿನ ಹಂಪಣ್ಣ ಬಂದರು. ಚಿತ್ರದ ಸೀರೆ ನೋಡಿ ತಲೆದೂಗಿದರು, ಮುಖದ ಜಾಗದಲ್ಲಿ ಬರೀ ಕಂದು ಗೆರೆಗಳಿದ್ದದ್ದು ನೋಡಿ ನಿಂತರು.

"ಅವ್ವಗ ಮಾರಿನ ಇಲ್ಲಲ್ಲೋ!"

ತಾಯಣ್ಣ ಎಲ್ಲ ಹೇಳಿದ. ಹಂಪಣ್ಣ ಕೆಟ್ಟವರಲ್ಲ, ಆದರೆ ಪೂಜೆಗೆ ಹೈದರಾಬಾದಿನಿಂದ ಮಂದಿ ಬರುವವರಿದ್ದರು.

"ಬ್ಯಾರೆ ಬಿಳಿ ಇಲ್ಲೇನು?"

"ವಿಲಾಯತಿದು ಇತ್ರೀ. ಲಡಾಯಿ ಸುರು ಆದ ಮ್ಯಾಲ ಬರವಲ್ದು."

"ಹಂಗಾರ ಒಂದ್ ಕೆಲಸ ಮಾಡು. ನನ್ನ ಗೋದಾಮಿನ್ಯಾಗ ಕುಂತು ಬರಿ. ಮನಿಗೆ ಪುಡಿ ಒಯ್ಯಬ್ಯಾಡ. ಹದಿನೈದು ದಿನದ ಮಾತು."

ತಾಯಣ್ಣ ಹೆಂಡತಿಯ ಕಡೆ ನೋಡಿದ. ಅವನ ಆಸೆ ಅವಳಿಗೆ ಕಂಡಿತು. ಇದು ಬಿಟ್ಟರೆ ಆಳೆತ್ತರದ ಚಿತ್ರ ಇನ್ನೊಂದು ಅವನಿಗೆ ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಗೋದಾಮಿನಲ್ಲಿ ಬರೆದರೂ ಅವನ ಉಗುರಿನಲ್ಲಿ, ಕೂದಲಲ್ಲಿ, ಕೋಟಿನ ಮಡಿಕೆಯಲ್ಲಿ ಆ ಪುಡಿ ದಿನವೂ ಮನೆಗೆ ಬರುತ್ತದೆ ಎಂಬುದೂ ಗೊತ್ತಿತ್ತು.

"ಯಪ್ಪಾ" ಅಂದಳು ಗೋಪಮ್ಮ ಹಂಪಣ್ಣನವರಿಗೆ, "ನಿಮ್ಮವ್ವ ಬೆಳ್ಳಗ ಇದ್ರೇನು?"

ಹಂಪಣ್ಣ ಚಿತ್ರದ ಕಡೆ ತಿರುಗಿದರು.

"ನಾ ಐದಾರು ವರ್ಷ ನೋಡೀನ್ರೀ. ಸುಟ್ಟ ಇಟ್ಟಂಗಿ ಬಣ್ಣ. ಎಡಗಡಿ ಗಲ್ಲದ ಮ್ಯಾಲ ಮೈಲಿ ಬೇನಿ ಕಲಿ ಎರಡು. ಅದಕ್ಕ ಬಿಳಿ ಯಾಕ ಬೇಕು?"

"ಮಂದಿ ಏನಂತಾರ ಬೇ…" ಎಂದು ಶುರುಮಾಡಿದ ಹಂಪಣ್ಣ ಮಾತು ಮುಗಿಸದೆ, "ಏನಾರ ಮಾಡ್ರಿ, ಯುಗಾದಿಗೆ ಮಾರಿ ಇರಬೇಕು" ಎಂದು ಹೋದರು.

ತಾಯಣ್ಣ ಚಿತ್ರವನ್ನು ಗೋದಾಮಿಗೆ ಒಯ್ದು, ಸಫೇದಾ ಮುಟ್ಟದೆ ಬರೆದ. ಬಲ ಮಣಿಕಟ್ಟಿಗೆ ಬಿದಿರಿನ ಸೀಳು ಕಟ್ಟಿ, ಎಡಗೈಯಿಂದ ಅದನ್ನು ಎತ್ತಿ ಹಿಡಿದು ಬರೆದ. ಬಣ್ಣ ಎಂದರೆ ಕೆಮ್ಮಣ್ಣು, ಕಾವಿ, ಹಳದಿ ಮಣ್ಣು, ದೀಪದ ಕಾಡಿಗೆ, ಅಷ್ಟೇ. ಬೆಳಕು ಬೀಳುವ ಕಡೆ ಬಣ್ಣವನ್ನು ಬಟ್ಟೆಯಿಂದ ಒರೆಸಿ ತೆಳ್ಳಗೆ ಮಾಡಿದ. ಮೊದಲು ಬೆಳ್ಳಗೆ ಬರೆದ ಕೈಗಳ ಮೇಲೆ ಕಾವಿಯ ಪದರ ಎಳೆದ. ಕುಂಚ ತುಟಿಗೆ ಹೋಗುವಾಗಲೆಲ್ಲ ಬಾಗಿಲಲ್ಲಿ ಕೂತ ಗೋಪಮ್ಮ "ಏಯ್" ಅನ್ನುತ್ತಿದ್ದಳು. ದಿನಕ್ಕೆ ಇಪ್ಪತ್ತು ಸಲವಾದರೂ ಅನ್ನಬೇಕಾಗುತ್ತಿತ್ತು. ಕಣ್ಣು ಇನ್ನೂ ಒಳಗೆ ಇದ್ದವು, ಕೆಳತುಟಿ ಎಲೆ ಅಡಿಕೆಗೆ ಜೋತಿತ್ತು ಎಂದು ಅವಳು ಹೇಳಿದಂತೆ ಅವನು ತಿದ್ದುತ್ತಿದ್ದ.

ವಿಭೂತಿಯ ಹತ್ತಿರ ಕೆಲಸ ನಿಂತಿತು. ಶರಣರ ಮನೆಯ ಮುದುಕಿಯನ್ನು ಬೋಳು ಹಣೆಯಲ್ಲಿ ಕೂರಿಸಲಾಗದು, ಮೂರು ಬೆರಳಿನ ಗೆರೆಗೆ ಬಿಳಿ ಬೇಕೇ ಬೇಕು. ತಾಯಣ್ಣ ವಿಭೂತಿಯನ್ನೇ ತಂದು ಎಣ್ಣೆಯಲ್ಲಿ ಕಲಸಿದ. ಎಣ್ಣೆ ಕುಡಿದು ಅದು ಬೂದು ಬಣ್ಣಕ್ಕೆ ಇಳಿಯಿತು. ಹಣೆಯ ಮೇಲೆ ಬಳಿದರೆ ಅಳಿಸಿದ ಹಾಗೆ ಕಂಡಿತು. ಅವನು ಕುಂಚ ಕೆಳಗಿಟ್ಟ.

"ಇಲ್ಲಿಗೆ ಮುಗೀತು ನನ್ನ ಕೆಲಸ" ಅಂದ.

ಗೋಪಮ್ಮ ಎದ್ದು ಹತ್ತಿರ ಬಂದು ನೋಡಿದಳು. "ಹಂಗ ಬಿಡು. ಮುಂಜಾನೆ ಹಚ್ಕೊಂಡಿದ್ದು ಮಧ್ಯಾಹ್ನಕ್ಕ ಬೆವತು ಹಿಂಗ ಆಗಿರ್ತಿತ್ತು. ನಮ್ಮ ಹತ್ರ ಬಂದು ಕುಂದ್ರೋ ಹೊತ್ತಿಗೆ ಆಕಿ ಹಣಿ ಹಿಂಗ ಇರ್ತಿತ್ತು."

ಪೂಜೆಗೆ ಎರಡು ದಿನ ಇರುವಾಗ ಹಂಪಣ್ಣ ಗೋದಾಮಿಗೆ ಬಂದರು. ಮುಂಡಾಸು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು. ಒಂದು ಸಲ ಹತ್ತಿರ ಹೋದರು, ಹಿಂದೆ ಬಂದರು.

"ನಮ್ಮವ್ವನ ಹೌದು" ಅಂದರು. "ಆದ್ರ ಬಾಗಿಲದಾಗ ಇಡಂಗಿಲ್ಲೋ ತಾಯಣ್ಣ. ನೋಡಿದಾವ್ರು ಗಿರಣಿ ಕೂಲಿಯಾಕಿ ಅಂದಾರು."

ಬಾಗಿಲಿಗೆ ಪೇಟೆಯಿಂದ ಅಚ್ಚಿನ ಲಕ್ಷ್ಮಿಯ ಪಟ ಬಂತು. ಬಸವಂತಮ್ಮನನ್ನು ಮಾನ್ವಿಗೆ ಒಯ್ದು ಹಂಪಣ್ಣ ತಾವು ಮಲಗುವ ಕೋಣೆಯಲ್ಲಿ ಇಟ್ಟುಕೊಂಡರು. ಆ ಚಿತ್ರವನ್ನು ಹೊರಗಿನವರು ಯಾರೂ ನೋಡಲಿಲ್ಲ. ನೋಡದ ಚಿತ್ರದಿಂದ ಹೊಸ ಕೆಲಸ ಬರುವುದಿಲ್ಲ. ಬಿಳಿ ಇಲ್ಲದೆ ಮುಖ ಬರೆಯುತ್ತಾನೆ ಎಂಬ ಸುದ್ದಿ ಹಬ್ಬಿದ ಮೇಲೆ ಯಾವ ಮನೆಯವರೂ ಹೇಳಿ ಕಳಿಸಲಿಲ್ಲ. ತಾಯಣ್ಣ ಒಂದೆರಡು ತಿಂಗಳು ಕಾದ. ಆಮೇಲೆ ಕುಂಚಗಳನ್ನು ಒಲೆಗೆ ಹಾಕಿದ. ಗೋಪಮ್ಮ ತಡೆಯಲಿಲ್ಲ, ಅವಳಿಗೆ ತಡೆಯುವ ಶಕ್ತಿಯೂ ಇರಲಿಲ್ಲ.

ಎಂಟನೆಯ ತಿಂಗಳಿಗೆ ಅವಳು ಮಸರಕಲ್ಲಿಗೆ ಹೋದಳು. ದಿನ ತುಂಬಿ ಹೆಣ್ಣು ಹುಟ್ಟಿತು. ಕೈಯಲ್ಲಿ ಹಿಡಿದರೆ ಕೋಳಿಮರಿಯಷ್ಟು ಹಗುರ. ಹುಟ್ಟಿದ ಕೂಡಲೇ ಅಳಲಿಲ್ಲ, ಸ್ವಲ್ಪ ತಡೆದು ಅತ್ತಿತು. ಆ ತಡೆದಷ್ಟು ಹೊತ್ತು ಗೋಪಮ್ಮ ಸೂಲಗಿತ್ತಿಯ ಮುಖ ನೋಡಲಿಲ್ಲ, ಮಾಡಿನ ತೊಲೆಯನ್ನು ನೋಡುತ್ತಿದ್ದಳು. ತಾಯಿಯ ಹೆಸರನ್ನೇ ಇಡಬೇಕೆಂದಿದ್ದಳು. ಮಾತು ತಡವಾಗಿ ಬಂದೀತೆಂಬ ಭಯಕ್ಕೆ ಮೂಕಮ್ಮ ಎನ್ನದೆ ಸೂಗಮ್ಮ ಎಂದು ಕರೆದಳು. ನಡಿಗೆ ಎರಡು ವರ್ಷಕ್ಕೆ ಬಂತು, ಮಾತು ಮೂರಕ್ಕೆ. ಆದರೆ ಬಂತು.

ತಾಯಣ್ಣನ ಮಣಿಕಟ್ಟು ಅರ್ಧದಷ್ಟು ಎದ್ದಿದೆ, ಇನ್ನರ್ಧ ಏಳಲಿಲ್ಲ. ಅವನಿಗೆ ಈಗ ನಲವತ್ತರ ಹತ್ತಿರ ವಯಸ್ಸು. ನಿಜಾಮರ ಸರಕಾರ ಹೋಗಿ ಶಾಲೆಗಳಲ್ಲಿ ಕನ್ನಡ ಬಂದ ಮೇಲೆ ದೇವದುರ್ಗ ತಾಲ್ಲೂಕಿಗೆ ಮಾಸ್ತರರು ಬೇಕಾದರು. ಅವನು ಈಗ ಜಾಲಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಹಾಡು ಮತ್ತು ಚಿತ್ರ ಕಲಿಸುತ್ತಾನೆ. ಸೋಮವಾರ ಬೆಳಿಗ್ಗೆ ಹೋಗುತ್ತಾನೆ, ಶನಿವಾರ ಮಧ್ಯಾಹ್ನ ಹೆಂಡತಿ ಮಗಳಿರುವ ಮಸರಕಲ್ಲಿಗೆ ಬರುತ್ತಾನೆ.